ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಪಾರ್ಕಿನ ಗೇಟು ತೆರೆದಿಡಿ

ಗ್ರೇಟರ್ ನೋಯ್ಡಾದ ಹಳೆಯ ಸೆಕ್ಟರುಗಳಿಗೆ ಗ್ರೀಕ್ ಅಕ್ಷರಗಳ ಹೆಸರು. ಆಲ್ಫಾ, ಬೀಟಾ, ಗಾಮಾ, ಡೆಲ್ಟಾ. 1991ರಲ್ಲಿ ಈ ಊರು ಕಟ್ಟಲು ಪ್ರಾಧಿಕಾರ ಮಾಡಿದವರಲ್ಲಿ ಯಾರಿಗೆ ಈ ಯೋಚನೆ ಹೊಳೆಯಿತೋ, ಹಾಸನದಿಂದ ಬಂದ ನನ್ನ ಅಮ್ಮನಿಗೆ ಮಾತ್ರ ಇಂದಿಗೂ ಇದು ಗಣಿತದ ಪುಸ್ತಕದೊಳಗೆ ಮನೆ ಮಾಡಿದ ಹಾಗೆ ಅನಿಸುತ್ತದೆ. ನಮ್ಮ ಮಕ್ಕಳಿಗೆ ಅದೇ ಆಟ. ಪರಿ ಚೌಕ್ ದಾಟುತ್ತಿದ್ದಂತೆ ಕಾರಿನ ಹಿಂದಿನ ಸೀಟಿನಲ್ಲಿ ಸ್ಪರ್ಧೆ ಶುರು: ಮುಂದಿನ ಬೋರ್ಡನ್ನು ಯಾರು ಮೊದಲು ಓದುತ್ತಾರೆ?

ಕಳೆದ ವರ್ಷ ಒಂದು ವಿಚಿತ್ರ ನಡೆಯಿತು. ಒಂಬತ್ತು ವರ್ಷದ ಮಗಳು ಸೋಲತೊಡಗಿದಳು, ಏಳು ವರ್ಷದ ತಮ್ಮ ಗೆಲ್ಲತೊಡಗಿದ. "ಅವನು ಬಾಯಿಪಾಠ ಮಾಡ್ಕೊಂಡಿದಾನೆ ಅಪ್ಪಾ" ಎಂದು ಅವಳ ದೂರು. ನಾನೂ ನಕ್ಕೆ. ಒಂದು ದಿನ ಹೊಸ ದಾರಿಯಲ್ಲಿ ಹೋದಾಗಲೂ ಅವನೇ ಓದಿದ. ಅವಳು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಆ ವಾರವೇ ತಪಾಸಣೆ ಮಾಡಿಸಿದೆವು. ಎರಡೂ ಕಣ್ಣಿಗೆ ಮೈನಸ್ 1.75. ಅದಕ್ಕೆ ನಾಲ್ಕು ತಿಂಗಳ ಹಿಂದೆ ಶಾಲೆಯಿಂದ ಬಂದಿದ್ದ ಆರೋಗ್ಯದ ಕಾರ್ಡಿನಲ್ಲಿ ದೃಷ್ಟಿಯ ಎದುರು 'ನಾರ್ಮಲ್' ಎಂದು ಟಿಕ್ ಹಾಕಿತ್ತು. ಅದನ್ನು ನಂಬಿ ಕೂತದ್ದು ನನ್ನದೇ ತಪ್ಪು.

ಅಮ್ಮ ಫೋನಿನಲ್ಲಿ ಹೇಳಿದ್ದು ಎರಡೇ ಮಾತು. "ಇಷ್ಟು ಚಿಕ್ಕ ಹುಡುಗಿಗೆ ಕನ್ನಡಕ ಹಾಕಿಸ್ಬೇಡ ಕಣೋ, ಒಂದ್ಸಲ ಹಾಕಿದ್ರೆ ನಂಬರ್ ಏರ್ತಾನೇ ಹೋಗುತ್ತೆ." ಮತ್ತೆ, "ಹೊನಗೊನೆ ಸೊಪ್ಪು ಸಿಗುತ್ತಾ ಅಲ್ಲಿ?" ಅಮ್ಮನನ್ನು ದೂರುವುದಿಲ್ಲ. ಸೊಪ್ಪು, ಕ್ಯಾರೆಟ್, ಪಪ್ಪಾಯಿ ತಿನ್ನಬೇಕು ಎಂಬ ಮಾತು ಎ ಜೀವಸತ್ವದ ಕೊರತೆಯಿಂದ ಮಕ್ಕಳಿಗೆ ಇರುಳುಗಣ್ಣು ಬರುತ್ತಿದ್ದ ಕಾಲದ ತಿಳಿವಳಿಕೆ, ಆ ಮಟ್ಟಿಗೆ ಸರಿಯೇ. ಆದರೆ ಸಮೀಪದೃಷ್ಟಿ ಬೇರೆ. ಅಲ್ಲಿ ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗಿ ಬೆಳೆದಿರುತ್ತದೆ, ಹತ್ತಿರದ್ದು ಸ್ಪಷ್ಟ, ದೂರದ್ದು ಮಸುಕು. ಉದ್ದವಾದ ಗುಡ್ಡೆಯನ್ನು ಯಾವ ಸೊಪ್ಪೂ ಗಿಡ್ಡ ಮಾಡುವುದಿಲ್ಲ. ಕನ್ನಡಕದಿಂದ ನಂಬರ್ ಏರುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ. ಮಲೇಷ್ಯಾದ ಮಕ್ಕಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೇಕಾದದ್ದಕ್ಕಿಂತ ಕಡಿಮೆ ಪವರಿನ ಕನ್ನಡಕ ಹಾಕಿಕೊಂಡ ಮಕ್ಕಳಿಗೇ ನಂಬರ್ ಬೇಗ ಏರಿತ್ತು.

ಉಳಿದವರೆಲ್ಲ ಹೇಳಿದ್ದು ಒಂದೇ: ಮೊಬೈಲ್. ಲಿಫ್ಟಿನಲ್ಲಿ ಸಿಕ್ಕವರು, ಆಫೀಸಿನವರು, ಟ್ಯೂಷನ್ ಮೇಷ್ಟ್ರು, ಎಲ್ಲರೂ. ಮೊಬೈಲಿನ ಪರ ವಾದ ಮಾಡಲು ನನಗೆ ಮನಸ್ಸಿಲ್ಲ. ಆದರೆ ಈ ಉತ್ತರ ನಮಗೆ ತುಂಬಾ ಅನುಕೂಲದ್ದು. ತಪ್ಪು ಮಗುವಿನ ಕೈಯಲ್ಲಿದೆ, ಕಸಿದುಕೊಂಡರೆ ನಮ್ಮ ಕೆಲಸ ಮುಗಿಯಿತು. ನಮ್ಮ ಮನೆಯಲ್ಲೂ ಕಸಿದುಕೊಂಡೆವು. ಅವಳು ಅದೇ ಸೋಫಾದಲ್ಲಿ, ಅದೇ ಟ್ಯೂಬ್‌ಲೈಟಿನ ಕೆಳಗೆ, ಕಥೆಪುಸ್ತಕ ಹಿಡಿದು ಕೂತಳು. ನಾವು ಹೆಮ್ಮೆಪಟ್ಟೆವು. ಅವಳ ಕಣ್ಣಿಗೆ ಹೆಚ್ಚೇನೂ ಬದಲಾಗಿರಲಿಲ್ಲ.

ದೆಹಲಿಯ ಏಮ್ಸ್‌ನಲ್ಲಿ ರಾಜೇಂದ್ರ ಪ್ರಸಾದ್ ಹೆಸರಿನ ನೇತ್ರ ಕೇಂದ್ರವಿದೆ, 1967ರಲ್ಲಿ ಶುರುವಾದದ್ದು. ಅಲ್ಲಿನ ವೈದ್ಯರು ದೆಹಲಿಯ ಸುಮಾರು ಹತ್ತು ಸಾವಿರ ಶಾಲಾಮಕ್ಕಳನ್ನು ಪರೀಕ್ಷಿಸಿ 2015ರಲ್ಲಿ ವರದಿ ಪ್ರಕಟಿಸಿದರು. ಶೇ. 13.1ರಷ್ಟು ಮಕ್ಕಳಿಗೆ ಸಮೀಪದೃಷ್ಟಿ ಇತ್ತು, ಸರ್ಕಾರಿ ಶಾಲೆಗಳಿಗಿಂತ ಖಾಸಗಿ ಶಾಲೆಗಳಲ್ಲಿ ಹೆಚ್ಚು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಓದು-ಬರಹ, ಎರಡು ಗಂಟೆಗಿಂತ ಹೆಚ್ಚು ಟಿ.ವಿ., ಮೊಬೈಲ್ ಆಟ ಇವೆಲ್ಲ ಅಪಾಯದ ಕಡೆ ನಿಂತವು. ಇದು ನಿರೀಕ್ಷಿತ. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಕಡೆ ನಿಂತಿದ್ದ ಸಂಗತಿ: ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊರಗೆ ಆಡುವ ಮಕ್ಕಳಲ್ಲಿ ಸಮಸ್ಯೆ ಕಡಿಮೆಯಿತ್ತು.

ಕಾರಣ ಓಡಾಟ, ವ್ಯಾಯಾಮ ಅಂದುಕೊಂಡಿದ್ದೆ. ಅಲ್ಲವಂತೆ, ಬೆಳಕು. ನಮ್ಮ ಮನೆಯ ಹಾಲ್‌ನಲ್ಲಿ ದೀಪ ಹಾಕಿದಾಗ ಇರುವುದು ಇನ್ನೂರರಿಂದ ಐನೂರು ಲಕ್ಸ್. ಹೊರಗೆ ಮರದ ನೆರಳಿನಲ್ಲೇ ಹಲವು ಸಾವಿರ, ತೆರೆದ ಬಿಸಿಲಿನಲ್ಲಿ ಐವತ್ತು ಸಾವಿರ ದಾಟುತ್ತದೆ. ಅಷ್ಟು ಬೆಳಕಿಗೆ ಅಕ್ಷಿಪಟಲದಲ್ಲಿ ಡೋಪಮೈನ್ ಬಿಡುಗಡೆಯಾಗಿ ಗುಡ್ಡೆ ಮಿತಿಮೀರಿ ಉದ್ದವಾಗದಂತೆ ತಡೆಯುತ್ತದೆ ಎಂಬುದು ಹೆಚ್ಚಿನ ಸಂಶೋಧಕರು ಕೊಡುವ ವಿವರಣೆ. ಸೂರ್ಯನನ್ನು ನೋಡಬೇಕಿಲ್ಲ, ನೋಡಲೂಬಾರದು. ಹಗಲಿನಲ್ಲಿ ಹೊರಗಿದ್ದರೆ ಸಾಕು.

ಚೀನಾದ ಗುವಾಂಗ್‌ಝೌದಲ್ಲಿ ಕೆಲವು ಶಾಲೆಗಳ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷದ ಹೊರಾಂಗಣ ಪೀರಿಯಡ್ ಹೆಚ್ಚಿಗೆ ಕೊಟ್ಟರು. ಮೂರು ವರ್ಷಗಳಲ್ಲಿ ಆ ಶಾಲೆಗಳಲ್ಲಿ ಶೇ. 30.4ರಷ್ಟು ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂತು, ಉಳಿದ ಶಾಲೆಗಳಲ್ಲಿ ಶೇ. 39.5ರಷ್ಟು ಮಕ್ಕಳಿಗೆ. ತೈವಾನ್ 2010ರಿಂದ ಶಾಲೆಗಳಲ್ಲಿ ದಿನಕ್ಕೆ 120 ನಿಮಿಷ ಹೊರಗೆ ಕಳೆಯುವ ಕಾರ್ಯಕ್ರಮ ನಡೆಸುತ್ತಿದೆ. ವರ್ಷ ವರ್ಷ ಏರುತ್ತಿದ್ದ ಅಲ್ಲಿನ ಅಂಕಿ ಅದಾದ ಮೇಲೆ ಇಳಿಯತೊಡಗಿತು. ದೊಡ್ಡ ಇಳಿಕೆಯಲ್ಲ, ಆದರೆ ಖರ್ಚೇನು? ಒಂದು ಗಂಟೆ ಬಾರಿಸುವುದು, ಒಂದು ಬಾಗಿಲು ತೆರೆಯುವುದು.

ಕಣ್ಣಿನ ವಿಷಯದಲ್ಲಿ ನಮ್ಮ ಕನ್ನಡಿಗರ ಕಲ್ಪನೆಯನ್ನು ರೂಪಿಸಿದವರು ಡಾ. ಎಂ.ಸಿ. ಮೋದಿ ಅನಿಸುತ್ತದೆ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿ, ಊರೂರಿನಲ್ಲಿ ಶಿಬಿರ ಹಾಕಿ, ಒಂದೇ ದಿನ ನೂರಾರು ಜನರ ಪೊರೆ ತೆಗೆಯುತ್ತಿದ್ದ ಮಹಾನುಭಾವರು. ನನ್ನ ಅಜ್ಜಿಯ ಬಾಯಲ್ಲಿ ಅವರ ಹೆಸರು ದೇವರ ಹೆಸರಿನ ಜೊತೆಗೇ ಬರುತ್ತಿತ್ತು. ಆ ಕಥೆಯಲ್ಲಿ ಕಣ್ಣಿನ ತೊಂದರೆ ಎಂದರೆ ಮುಪ್ಪಿನಲ್ಲಿ ಬರುವುದು, ವೈದ್ಯರು ಬರುತ್ತಾರೆ, ಪಟ್ಟಿ ಬಿಚ್ಚುತ್ತಾರೆ, ಮೊಮ್ಮಗನ ಮುಖ ಕಾಣುತ್ತದೆ. ಸಮೀಪದೃಷ್ಟಿಯಲ್ಲಿ ಅಂಥ ಒಂದು ದಿನ ಇಲ್ಲ. ಅದು ಆರರಿಂದ ಹದಿನೈದರೊಳಗೆ ದಿನಾ ಒಂದಿಷ್ಟು ನಡೆಯುವ ವ್ಯವಹಾರ. ನಂಬರ್ ಮೈನಸ್ ಆರು ದಾಟಿದರೆ ನಡುವಯಸ್ಸಿನ ಹೊತ್ತಿಗೆ ಅಕ್ಷಿಪಟಲ ಕಳಚುವ, ಗ್ಲಾಕೋಮಾ ಬರುವ ಅಪಾಯ ಹೆಚ್ಚು. ಮುಂದೆ ಲೇಸರ್ ಮಾಡಿಸಿದರಾಯಿತು ಎನ್ನುವವರಿಗೆ ಒಂದು ಮಾತು: ಲೇಸರ್ ಕನ್ನಡಕ ತೆಗೆಸುತ್ತದೆ, ಹಿಂದೆ ಹಿಗ್ಗಿದ ಗುಡ್ಡೆ ಹಾಗೇ ಇರುತ್ತದೆ.

ಇಷ್ಟು ಓದಿಕೊಂಡು ಮಕ್ಕಳನ್ನು ಹೊರಗೆ ಕಳಿಸೋಣ ಎಂದು ಹೊರಟಾಗ ನವೆಂಬರ್ ಬಂದಿತ್ತು.

ದಕ್ಷಿಣದಲ್ಲಿರುವ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನವೆಂಬರಿನಿಂದ ಜನವರಿಯವರೆಗೆ ಇಲ್ಲಿ ಬೆಳಗ್ಗೆ ಎದ್ದವರು ಮೊದಲು ನೋಡುವುದು ಮೊಬೈಲಿನಲ್ಲಿ ಎಕ್ಯುಐ. 2024ರ ನವೆಂಬರಿನಲ್ಲಿ ಅದು 500ರ ಹತ್ತಿರ ಹೋಗಿ, ರಾಜಧಾನಿ ವಲಯದ ಶಾಲೆಗಳು ಆನ್‌ಲೈನ್ ಆದವು. ಅಂದರೆ ಶ್ವಾಸಕೋಶ ಉಳಿಸಲು ಮಕ್ಕಳನ್ನು ಪರದೆಯ ಮುಂದೆ ಕೂರಿಸಿದೆವು. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಶಾಲಾ ಕ್ರೀಡಾಕೂಟಗಳನ್ನು ಗಾಳಿ ಚೆನ್ನಾಗಿರುವ ತಿಂಗಳುಗಳಿಗೆ ಸರಿಸುವುದನ್ನು ಪರಿಗಣಿಸಿ ಎಂದಿತು. ಮೇ, ಜೂನ್‌ನಲ್ಲಿ ಬಿಸಿಗಾಳಿ, ಆಗಲೂ ಒಳಗೆ. ಕಣ್ಣಿಗೋ, ಎದೆಗೋ? ತಾಯ್ತಂದೆಯರು ಇಂಥ ಲೆಕ್ಕ ಹಾಕಬೇಕಾಗಿ ಬಂದದ್ದೇ ನಾಚಿಕೆಗೇಡು, ಮತ್ತು ಆ ನಾಚಿಕೆ ತಾಯ್ತಂದೆಯರದ್ದಲ್ಲ.

ಆದರೂ ಈ ಲೆಕ್ಕದಲ್ಲಿ ಒಂದು ಸಂದು ಇದೆ, ನಾವು ಅದನ್ನು ಬಳಸುತ್ತಿಲ್ಲ. ಚಳಿಗಾಲದಲ್ಲಿ ಇಲ್ಲಿನ ಗಾಳಿ ದಿನವಿಡೀ ಒಂದೇ ಥರ ಇರುವುದಿಲ್ಲ. ರಾತ್ರಿ ಮತ್ತು ಬೆಳಗಿನ ಹೊತ್ತು ತಣ್ಣನೆ ಗಾಳಿ ಹೊಗೆಯನ್ನು ನೆಲದ ಹತ್ತಿರವೇ ಹಿಡಿದಿಡುತ್ತದೆ. ನೆಲ ಕಾದ ಮೇಲೆ ಅದು ಮೇಲೆದ್ದು ಚದುರುತ್ತದೆ. ಸಾಮಾನ್ಯವಾಗಿ ಮಧ್ಯಾಹ್ನದಿಂದ ಇಳಿಹೊತ್ತಿನವರೆಗೆ ದೂಳಿನ ಕಣಗಳು ಅತಿ ಕಡಿಮೆ. ಬೆಳಕು ಅತಿ ಹೆಚ್ಚು ಇರುವುದೂ ಆಗಲೇ. ಹೊಗೆಮಂಜು ಬೆಳಕನ್ನು ತಗ್ಗಿಸಿದರೂ ಅದು ಮನೆಯೊಳಗಿನದ್ದರ ಹಲವು ಪಟ್ಟು.

ಈಗ ನಮ್ಮ ವೇಳಾಪಟ್ಟಿ ನೋಡಿ. ಮಗಳ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಮೈದಾನದಲ್ಲಿ, ಗಾಳಿ ಅತಿ ಕೆಟ್ಟಿರುವ ಹೊತ್ತಿನಲ್ಲಿ. ಮಧ್ಯಾಹ್ನದ ಊಟ ತರಗತಿಯೊಳಗೆ. ಮನೆಗೆ ಬಂದರೆ ಟ್ಯೂಷನ್. ಆಟಕ್ಕೆ ಇಳಿಯುವುದು ಕತ್ತಲಾದ ಮೇಲೆ ಫ್ಲಡ್‌ಲೈಟಿನಲ್ಲಿ, ಹೊಗೆ ಮತ್ತೆ ಕೆಳಗಿಳಿಯುವಾಗ. ನಮ್ಮ ಸೊಸೈಟಿಯ ಪಾರ್ಕಿನ ಗೇಟಿಗೆ ಹನ್ನೊಂದರಿಂದ ನಾಲ್ಕರವರೆಗೆ ಬೀಗ, ಹುಲ್ಲಿಗೆ ನೀರು ಹಾಕಲು, ಹಿರಿಯರ ನಿದ್ದೆ ಕೆಡದಿರಲು. ಪಕ್ಕದಲ್ಲೇ ಹಿಂದಿ ಬೋರ್ಡು: ಇಲ್ಲಿ ಚೆಂಡಾಟ ನಿಷಿದ್ಧ. ಎದೆಗೂ ಕಣ್ಣಿಗೂ ಒಟ್ಟಿಗೇ ಕೆಡುಕಾಗುವ ವೇಳಾಪಟ್ಟಿಯನ್ನು ಬೇಕೆಂದೇ ಕೂತು ಬರೆದಿದ್ದರೂ ಇದಕ್ಕಿಂತ ಚೆನ್ನಾಗಿ ಬರುತ್ತಿರಲಿಲ್ಲ.

ಹಾಗಾಗಿ ನನ್ನ ವಾದ ಸಣ್ಣದು. ಚಳಿಗಾಲದಲ್ಲಿ ಶಾಲೆಗಳು ಪ್ರಾರ್ಥನೆಯನ್ನು ಒಳಗೆ ತರಲಿ, ಊಟವನ್ನೂ ಪಿ.ಟಿ. ಪೀರಿಯಡ್ಡನ್ನೂ ಮಧ್ಯಾಹ್ನ ಹೊರಗೆ ಒಯ್ಯಲಿ. ಸೊಸೈಟಿಗಳು ಬೀಗ ತೆಗೆಯಲಿ. ಗಾಳಿ ವಿಪರೀತ ಕೆಟ್ಟಿರುವ ದಿನ ಯಾರೂ ಹೊರಗೆ ಹೋಗುವುದು ಬೇಡ, ಆ ದಿನ ಎದೆಯೇ ಮೊದಲು, ಓದುವ ಮೇಜು ಕಿಟಕಿಯ ಪಕ್ಕಕ್ಕೆ ಬರಲಿ. ಆದರೆ ಅಂಥ ದಿನಗಳ ಹೆಸರಿನಲ್ಲಿ ವರ್ಷವಿಡೀ ಬೀಗ ಹಾಕುವುದು ಬೇಡ. ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಇಲ್ಲಿನ ಹಗಲು ಎಷ್ಟು ಚೆನ್ನಾಗಿರುತ್ತದೆಂದರೆ, ಆಗ ವಾರ್ಷಿಕ ಪರೀಕ್ಷೆ ಇಟ್ಟಿರುವುದೇ ಒಂದು ಅನ್ಯಾಯ. ಆ ಜಗಳ ಇನ್ನೊಮ್ಮೆ.

ಪ್ರಾಮಾಣಿಕವಾಗಿ ಒಂದು ಹೇಳಬೇಕು. ಹೊರಗಿನ ಬೆಳಕು ಸಮೀಪದೃಷ್ಟಿ ಬರುವುದನ್ನು ತಡೆಯುತ್ತದೆ ಎಂಬುದಕ್ಕೆ ಇರುವಷ್ಟು ಬಲವಾದ ಪುರಾವೆ, ಬಂದದ್ದು ಏರದಂತೆ ತಡೆಯುತ್ತದೆ ಎಂಬುದಕ್ಕೆ ಇಲ್ಲ. ಮಗಳಿಗೆ ಈಗ ವೈದ್ಯರು ಬರೆದುಕೊಟ್ಟ ಅಟ್ರೋಪಿನ್ ಹನಿ ರಾತ್ರಿಗೊಮ್ಮೆ, ಆರು ತಿಂಗಳಿಗೊಮ್ಮೆ ತಪಾಸಣೆ. ಬೀಗ ತೆಗೆಯಿರಿ ಎಂದು ನಾನು ಕೇಳುತ್ತಿರುವುದು ಹೆಚ್ಚಾಗಿ ತಮ್ಮನಿಗಾಗಿ. ಅವನಿಗೆ ಇನ್ನೂ ಎಲ್ಲ ಬೋರ್ಡುಗಳೂ ಕಾಣುತ್ತವೆ.

ಸೊಸೈಟಿಯ ಸಭೆಯಲ್ಲಿ ಅರ್ಜಿ ಕೊಟ್ಟೆ. ಮುಕ್ಕಾಲು ಗಂಟೆ ಪಾರ್ಕಿಂಗ್ ಜಗಳ ನಡೆದ ಮೇಲೆ ನನ್ನ ಸರದಿ. ಹುಲ್ಲು ಹಾಳಾಗುತ್ತದೆ ಎಂದರು ಒಬ್ಬರು. ನಿವೃತ್ತ ಸೇನಾಧಿಕಾರಿಯೊಬ್ಬರು, ಮಧ್ಯಾಹ್ನ ಬಿಸಿಲು ಕಾಯಿಸಲು ತಮಗೂ ಒಳಗೆ ಬಿಡುವುದಾದರೆ ತಮ್ಮ ಮತ ಮಕ್ಕಳಿಗೇ, ಚೆಂಡು ಮಾತ್ರ ತಮ್ಮ ಕುರ್ಚಿಯ ಕಡೆ ಬರಬಾರದು ಎಂದರು. ಕೊನೆಗೆ ಒಂದರಿಂದ ನಾಲ್ಕರವರೆಗೆ, ಶನಿವಾರ ಮತ್ತು ಭಾನುವಾರ ಮಾತ್ರ, ಫೆಬ್ರವರಿ ಕೊನೆಯವರೆಗೆ ಪ್ರಾಯೋಗಿಕವಾಗಿ ಎಂದಾಯಿತು. ಶಾಲೆಗೂ ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ. ಕಳೆದ ಭಾನುವಾರ ಪಾರ್ಕಿನಲ್ಲಿ ಹನ್ನೊಂದು ಮಕ್ಕಳಿದ್ದರು. ನಮ್ಮ ಎರಡೂ ಮಕ್ಕಳನ್ನು ಏಪ್ರಿಲ್‌ನಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.