ಮೃದಂಗದ ಎಡಗೈ

ನಮ್ಮ ಮನೆಯ ಸ್ಟೀರಿಯೋದಲ್ಲಿ ಮೃದಂಗದ ಬಲಗೈ ಚೆನ್ನಾಗಿ ಕೇಳಿಸುತ್ತಿತ್ತು. ಎಡಗೈ ಮಾತ್ರ ಊರಿನಲ್ಲೇ ಉಳಿದುಬಿಟ್ಟಂತಿತ್ತು. ಮುಂಬಯಿಯ ಪುಟ್ಟ ಮನೆಗೆ ಒಪ್ಪುವ ಪುಟ್ಟ ಸ್ಪೀಕರುಗಳು ಅಷ್ಟು ಕೆಳಗಿನ ನಾದವನ್ನು ತುಂಬಿ ಕೊಡಲಾರವು. ಆದುದರಿಂದ ಒಂದು ಸಬ್‌ವೂಫರನ್ನು ತಂದೆವು. ತನ್ನದೇ ಆಂಪ್ಲಿಫೈಯರನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಂದ್ರವನ್ನಷ್ಟೇ ನುಡಿಸುವ ಪೆಟ್ಟಿಗೆ ಅದು.

ತಂದ ಸಂಜೆಯೇ ಅದನ್ನು ಮೂಲೆಗೆ ತಳ್ಳಿ, ಗುಂಡಿಗಳನ್ನು ಮುಕ್ಕಾಲು ತಿರುಗಿಸಿ, ಕಚೇರಿಯೊಂದನ್ನು ಹಾಕಿದೆವು. ಹತ್ತು ನಿಮಿಷದಲ್ಲಿ ಕೆಳಗಿನ ಮನೆಯ ಮರಾಠಿ ಆಜಿ ಬಾಗಿಲಲ್ಲಿ ನಿಂತಿದ್ದರು. ಆಸ್ಪತ್ರೆಯಿಂದ ಬಂದ ಯಜಮಾನರು ಮಲಗಿದ್ದರಂತೆ. “ಹಾಡು ಕೇಳಿಸಿದ್ದರೆ ನಾನೂ ಕೂತು ಕೇಳುತ್ತಿದ್ದೆ. ನಮಗೆ ಕೇಳಿಸುವುದು ಬರೀ ಗುದ್ದು,” ಎಂದರು. ನಾಚಿಕೆಯಿಂದ ಯಂತ್ರವನ್ನು ಆರಿಸಿದೆವು. ಸರಿಯಾಗಿ ಜೋಡಿಸುವುದನ್ನು ಕಲಿತದ್ದು ಆಮೇಲೆ.

ಮೊದಲು ತಂತಿಯ ವಿಚಾರ. ಎರಡೂ ಯಂತ್ರಗಳ ಪ್ಲಗ್ಗು ಕಿತ್ತ ಮೇಲೆಯೇ ಕೈಹಾಕಬೇಕು. ಆಂಪ್ಲಿಫೈಯರಿನ ಹಿಂಬದಿಯಲ್ಲಿ ‘ಸಬ್ ಔಟ್’ ಅಥವಾ ‘ಪ್ರೀ ಔಟ್’ ಇದ್ದರೆ, ಅಲ್ಲಿಂದ ಸಬ್‌ವೂಫರಿನ ‘ಲೈನ್ ಇನ್’ಗೆ ಆರ್‌ಸಿಎ ತಂತಿ ಎಳೆದರಾಯಿತು. ಇಲ್ಲದಿದ್ದರೆ ಸಬ್‌ವೂಫರಿನಲ್ಲಿ ‘ಹೈ ಲೆವೆಲ್’ ಟರ್ಮಿನಲ್ಲುಗಳಿವೆಯೇ ನೋಡಿರಿ. ಆಂಪ್ಲಿಫೈಯರಿನ ಸ್ಪೀಕರ್ ಟರ್ಮಿನಲ್ಲುಗಳಿಂದಲೇ ಇನ್ನೊಂದು ಜೊತೆ ತಂತಿಯನ್ನು ಅಲ್ಲಿಗೆ ತರಬಹುದು; ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಇದರಿಂದ ಆಂಪ್ಲಿಫೈಯರಿಗೆ ಹೊರೆಯೇನೂ ಬೀಳದು. ಸಬ್‌ವೂಫರಿನ ಶಕ್ತಿ ಬರುವುದು ಗೋಡೆಯ ಪ್ಲಗ್ಗಿನಿಂದ. ಕೆಲವು ಆಂಪ್ಲಿಫೈಯರುಗಳಲ್ಲಿ ಮಾತ್ರ ಎಡಬಲದ ಕಪ್ಪು ತಂತಿಗಳು ಒಂದುಗೂಡಕೂಡದು. ಕೈಪಿಡಿಯನ್ನು ಓದಿಯೇ ಮುಂದುವರಿಯಿರಿ. ಸ್ಪೀಕರ್ ತಂತಿಯನ್ನು ‘ಲೈನ್ ಇನ್’ಗೆ ಎಂದಿಗೂ ಸಿಕ್ಕಿಸಬೇಡಿರಿ.

ಜೋಡಿಸಿದ ಮೇಲೆ ‘ಝೂಂ’ ಎಂಬ ಸದ್ದು ನಿಲ್ಲದಿದ್ದರೆ, ಎರಡೂ ಪ್ಲಗ್ಗುಗಳನ್ನು ಒಂದೇ ಬೋರ್ಡಿಗೆ ಹಾಕಿ ನೋಡಿರಿ. ಸದ್ದಡಗಿಸಲೆಂದು ಅರ್ತ್ ಪಿನ್ನನ್ನು ತೆಗೆಯುವುದು ಪ್ರಾಣಕ್ಕೇ ಅಪಾಯ.

ಇನ್ನು ಜಾಗ. ಮೂಲೆಯಲ್ಲಿಟ್ಟರೆ ಮಂದ್ರ ಉಬ್ಬುತ್ತದೆ. ನಮ್ಮ ಮೊದಲ ತಪ್ಪು ಅದೇ. ಪೆಟ್ಟಿಗೆಯನ್ನು ನೀವು ಕೂತು ಕೇಳುವ ಕುರ್ಚಿಯ ಮೇಲಿಟ್ಟು ಹಾಡು ಹಾಕಿ, ನೀವು ಗೋಡೆಯ ಬದಿಯಲ್ಲಿ ಅಂಬೆಗಾಲಿಡುತ್ತ ಸಾಗಿರಿ. ನಾದ ಎಲ್ಲಿ ಸಮವಾಗಿ ಕೇಳುವುದೋ ಅಲ್ಲಿ ಪೆಟ್ಟಿಗೆಯನ್ನಿಡಬೇಕು. ನಮ್ಮ ಮಕ್ಕಳು ಈ ದೃಶ್ಯವನ್ನು ಇನ್ನೂ ಮರೆತಿಲ್ಲ!

ಬಳಿಕ ಗುಂಡಿಗಳು. ‘ಕ್ರಾಸ್‌ಓವರ್’ ಗುಂಡಿಯನ್ನು 80 ಹರ್ಟ್ಸ್‌ನಲ್ಲಿಟ್ಟು ಆರಂಭಿಸಿ, ನಿಮ್ಮ ಸ್ಪೀಕರಿಗೆ ತಕ್ಕಂತೆ ಸರಿಪಡಿಸಿರಿ. ‘ಫೇಸ್’ ಸ್ವಿಚ್ಚನ್ನು 0, 180 ಎರಡರಲ್ಲೂ ಇಟ್ಟು ನೋಡಿ, ನಿಮ್ಮ ಕುರ್ಚಿಯಲ್ಲಿ ಮಂದ್ರ ತುಂಬಿ ಕೇಳುವುದನ್ನು ಉಳಿಸಿಕೊಳ್ಳಿರಿ. ವಾಲ್ಯೂಮಿಗೆ ಮೃದಂಗವೇ ಗುರು. ವಿದ್ವಾಂಸರು ಎಡಮುಖಕ್ಕೆ ರವೆ ಕಲಸಿ ಹಚ್ಚುವುದನ್ನು ನೋಡಿದ್ದೀರಿ. ಚೂರು ಚೂರೇ ಸೇರಿಸಿ, ತಟ್ಟಿ ಕೇಳುತ್ತಾರೆ. ಪೆಟ್ಟಿಗೆ ಇದೆಯೆಂದು ತಿಳಿಯಬಾರದು, ಆರಿಸಿದರೆ ಏನೋ ಹೋಯಿತೆನ್ನಿಸಬೇಕು, ಅಷ್ಟೇ ಹದ.

ಆದರೆ ಕುರ್ಚಿಯಲ್ಲಿ ಕೂತು ಕಂಡುಕೊಂಡ ಹದ ಅರ್ಧ ಮಾತ್ರ. 40 ಹರ್ಟ್ಸ್ ನಾದದ ಒಂದು ಅಲೆ ಸುಮಾರು 8.5 ಮೀಟರು ಉದ್ದ. ಬಾಗಿಲು, ಪರದೆಗಳು ಅದನ್ನು ತಡೆಯಲಾರವು. ಪೆಟ್ಟಿಗೆಯ ಕೆಳಗೆ ದಪ್ಪ ರಬ್ಬರು ಹಾಸಿದರೆ ನೆಲದ ನಡುಕವಷ್ಟೇ ತಗ್ಗೀತು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗಿನ ಹೊತ್ತನ್ನು ರಾತ್ರಿಯೆಂದು ಗುರುತಿಸಿ, ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ಆದರೆ ನಿಜವಾದ ಅಳತೆ ಕೆಳಗಿನ ಮನೆಯಲ್ಲಿದೆ.

ಎಲ್ಲ ಮುಗಿದ ಮೇಲೆ, ಒಂದು ಸಂಜೆ ಹಾಡು ಹಾಕಿಟ್ಟು ನಾವೇ ಕೆಳಗಿಳಿದು ಹೋದೆವು. ಯಜಮಾನರು ದಿಂಬಿಗೊರಗಿ ಚಹ ಕುಡಿಯುತ್ತಿದ್ದರು. “ಆ ಪೆಟ್ಟಿಗೆಯನ್ನು ಹಿಂದಕ್ಕೆ ಕೊಟ್ಟಿರಾ?” ಎಂದರು ಆಜಿ. “ಇಲ್ಲ, ಈಗ ನುಡಿಯುತ್ತಿದೆ, ಮೇಲೆ ಬನ್ನಿ,” ಎಂದೆವು. ಬಂದರು, ಕಚೇರಿ ಮುಗಿಯುವವರೆಗೂ ಕೂತಿದ್ದರು.