ಕಿಟ್ ಎಂದರೂ ಬಂದೂಕೇ

ಮನೆಯಲ್ಲೇ ಜೋಡಿಸುವ ಮೊದಲ ರೈಫಲ್‌ಗೆ ಯಾವ ಕಿಟ್ ಒಳ್ಳೆಯದು? ಅಮೆರಿಕದ ವಿಡಿಯೊಗಳಲ್ಲಿ ಈ ಪ್ರಶ್ನೆಯನ್ನು ಗಿಟಾರ್ ಕೊಳ್ಳುವ ಧಾಟಿಯಲ್ಲಿ ಚರ್ಚಿಸುತ್ತಾರೆ: ನಳಿಗೆ ಯಾವ ಕಂಪನಿಯದು, ಹಿಡಿಕೆ ಯಾವ ಬಣ್ಣದ್ದು, ಹೊಸಬರಿಗೆ ಅಗ್ಗದ್ದು ಸಾಕೇ. ಸಂತಪುರದ ಹುಡುಗರ ಮೊಬೈಲಿಗೂ ಇವು ಬರುತ್ತವೆ. ‘ನಮ್ಮಲ್ಲಿ ಯಾಕೆ ಸಿಗಲ್ಲ?’ ಎಂದು ನನ್ನನ್ನು ಕೇಳಿದವರಿದ್ದಾರೆ. ಭಾಷೆ ಓದುವುದೇ ನನ್ನ ಕೆಲಸವಾದ್ದರಿಂದ ನನ್ನ ತಕರಾರು ಪದದಿಂದಲೇ ಶುರು. ‘ಯಾವ ಕಿಟ್’ ಎಂದು ಕೇಳುವ ಹೊತ್ತಿಗೆ ‘ಬಂದೂಕು ಯಾಕೆ’ ಎಂಬ ಪ್ರಶ್ನೆ ಸತ್ತುಹೋಗಿರುತ್ತದೆ. ರೇಷನ್ ಕಿಟ್, ಕ್ರಿಕೆಟ್ ಕಿಟ್ ಇರುವ ಸಾಲಿನಲ್ಲಿ ಕೊಲ್ಲುವ ಸಾಮಾನೂ ಸದ್ದಿಲ್ಲದೆ ಬಂದು ಕೂತಿದೆ.

ಈ ಪದದಾಟದಿಂದ ಅಮೆರಿಕದಲ್ಲಿ ವ್ಯಾಪಾರವೇ ನಡೆಯಿತು. ಅಲ್ಲಿನ 1968ರ ಕಾಯ್ದೆಯ ಪ್ರಕಾರ ಬಂದೂಕಿನ ಮುಖ್ಯ ಚೌಕಟ್ಟೂ ಬಂದೂಕೇ. ಅಂಗಡಿಯಲ್ಲಿ ಕೊಂಡರೆ ಅದಕ್ಕೆ ನಂಬರು ಇರುತ್ತದೆ, ಕೊಳ್ಳುವವನ ಹಿನ್ನೆಲೆ ತನಿಖೆಯಾಗುತ್ತದೆ. ಚೌಕಟ್ಟಿನ ಕೆಲಸವನ್ನು ಸ್ವಲ್ಪ ಬಾಕಿ ಉಳಿಸಿ ಮಾರಿದರೆ ಅದು ಬಂದೂಕಲ್ಲ ಎಂಬುದು ಕಿಟ್ ಮಾರುವವರ ವಾದ. 2022ರಲ್ಲಿ ಅಲ್ಲಿನ ಸರ್ಕಾರ ನಿಯಮ ತಂದು ಇಂಥ ಕಿಟ್‌ಗಳನ್ನೂ ಬಂದೂಕಿನ ಲೆಕ್ಕಕ್ಕೆ ಸೇರಿಸಿತು. 2025ರ ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7–2ರ ಬಹುಮತದಿಂದ ಆ ನಿಯಮವನ್ನು ಎತ್ತಿಹಿಡಿಯಿತು. ತೀರ್ಪು ಬರೆದ ನ್ಯಾಯಮೂರ್ತಿ ನೀಲ್ ಗೋರ್ಸಚ್ ಕೊಟ್ಟ ಉದಾಹರಣೆ ಸಾಹಿತ್ಯದವರಿಗೆ ರುಚಿಸುವಂಥದ್ದು: ಬರೆದು ಮುಗಿಯದ ಹಸ್ತಪ್ರತಿಯನ್ನೂ ಲೇಖಕ ‘ನನ್ನ ಕಾದಂಬರಿ’ ಎನ್ನುತ್ತಾನೆ, ಇನ್ನೂ ಜೋಡಿಸದ ಮೇಜನ್ನೂ ನಾವು ಮೇಜೆಂದೇ ಕರೆಯುತ್ತೇವೆ.

ನಮ್ಮ ಕಾಯ್ದೆ ಇಷ್ಟು ಸುತ್ತಿ ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಆಯುಧದ ಬಿಡಿಭಾಗವೂ ಆಯುಧ, ಅದನ್ನು ತಯಾರಿಸುವ ಯಂತ್ರವೂ ಆಯುಧ. ಲೈಸೆನ್ಸ್ ಇಲ್ಲದೆ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಆದರೆ ಕಾನೂನಿನ ಭಯ ತೋರಿಸಿ ವಾದ ಮುಗಿಸಿದರೆ ಅದು ಸೋಮಾರಿತನವಾದೀತು. ಕಿಟ್ ಪರವಾಗಿ ಮೂರು ಮಾತು ಕೇಳಿದ್ದೇನೆ. ಮೂರಕ್ಕೂ ಉತ್ತರ ಕೊಡಬೇಕು.

ಮೊದಲನೆಯದು, ಇದು ಕೈಕಸುಬು ಎಂಬುದು. ಬೀದರಿನವರಿಗೆ ಈ ಮಾತು ಹೇಳುವುದೇ? ಸತು–ತಾಮ್ರದ ಎರಕದ ಮೇಲೆ ಉಳಿಯಿಂದ ಗೆರೆ ಕೊರೆದು, ಬೆಳ್ಳಿ ಕೂಡಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬರಿಸುವ ಬಿದರಿಯವನಿಗೆ ಕಸುಬೆಂದರೇನು ಎಂದು ಗೊತ್ತು. ಕಿಟ್‌ನಲ್ಲಿ ಕಷ್ಟದ ಕೆಲಸವನ್ನೆಲ್ಲ ಕಾರ್ಖಾನೆ ಮುಗಿಸಿಕೊಟ್ಟಿರುತ್ತದೆ. ಉಳಿಸಿದ ಚೂರು ಕೆಲಸ ಇರುವುದು ಕಾನೂನಿನ ಕಣ್ಣು ತಪ್ಪಿಸಲಿಕ್ಕೆ. ಅದರಿಂದ ಯಾರ ಕೈಯೂ ಪಳಗುವುದಿಲ್ಲ.

ಎರಡನೆಯದು ರೈತನ ಮಾತು; ಇದು ಗಟ್ಟಿ ಮಾತು. ರಾತ್ರಿ ಹಂದಿ ಹಿಂಡು ನುಗ್ಗಿದರೆ ತೊಗರಿ, ಸೋಯಾ ಬೆಳೆದವನ ವರ್ಷದ ಗಂಜಿ ಹೋಗುತ್ತದೆ. ಆ ಸಿಟ್ಟು ನ್ಯಾಯವಾದದ್ದು. ಆದರೆ ಬೆಳೆ ಕಾಯಲು ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ಲೈಸೆನ್ಸ್ ಕೊಡುವ ಅವಕಾಶ ಅದೇ ಕಾಯ್ದೆಯಲ್ಲಿದೆ. ಅದು ಕಚೇರಿಯ ಮೆಟ್ಟಿಲು ಸವೆಸದೆ ಸಿಗಲಿ, ಬೆಳೆಹಾನಿ ಪರಿಹಾರ ಹೊತ್ತಿಗೆ ಬರಲಿ ಎಂದು ಜಗಳ ಮಾಡೋಣ. ಲೈಸೆನ್ಸಿನ ಬಂದೂಕಿಗೆ ಒಬ್ಬ ಹೊಣೆಗಾರನ ಹೆಸರಿರುತ್ತದೆ. ನಂಬರಿಲ್ಲದ ರೈಫಲ್ ಹಂದಿ ಬರದ ದಿನವೂ ಮನೆಯಲ್ಲೇ ಇರುತ್ತದೆ. ಬದುವಿನ ಜಗಳದ ದಿನ, ಅಣ್ಣತಮ್ಮಂದಿರ ಪಾಲಿನ ದಿನ, ಮಗಳು ಬೇರೆ ಜಾತಿಯವನನ್ನು ಮೆಚ್ಚಿದ ದಿನ.

ಮೂರನೆಯದು ಸ್ವಾತಂತ್ರ್ಯದ ವಾದ: ಜನರ ಕೈಯಿಂದ ಆಯುಧ ಕಿತ್ತದ್ದು ಬ್ರಿಟಿಷರ 1878ರ ಕಾಯ್ದೆ, ಕೊಡವರಿಗಿರುವ ವಿನಾಯಿತಿ ನಮಗೇಕಿಲ್ಲ? ಕೊಡಗಿನ ವಿನಾಯಿತಿ 1861ರಷ್ಟು ಹಳೆಯದು. 2019ರಲ್ಲಿ ಕೇಂದ್ರ ಅದನ್ನು ಮತ್ತೆ 10 ವರ್ಷ ಮುಂದುವರಿಸಿದೆ. ಅದು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಆದರೆ ಅದು ಕೋವಿ ಇಟ್ಟುಕೊಳ್ಳುವ ವಿನಾಯಿತಿ, ಕಟ್ಟಿಕೊಳ್ಳುವುದಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜಿಸುವ ಕೋವಿ ಯಾವ ಮನೆಯದೆಂದು ಊರಿಗೆಲ್ಲ ಗೊತ್ತಿರುತ್ತದೆ. ಕಿಟ್‌ನ ಆಕರ್ಷಣೆಯೇ ಯಾರಿಗೂ ಗೊತ್ತಾಗದಿರುವುದು.

ಇನ್ನು ಬೀದರಿನ ನೆನಪು. 1948ರಲ್ಲಿ ಗೋರಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ ನಮಗೆ ಗೊತ್ತು, ಪ್ರತಿ ಸೆಪ್ಟೆಂಬರ್ 17ಕ್ಕೆ ಭಾಷಣದಲ್ಲಿ ಕೇಳುತ್ತೇವೆ. ಪೊಲೀಸ್ ಕಾರ್ಯಾಚರಣೆಯ ನಂತರ ನಡೆದದ್ದನ್ನು ಅಷ್ಟಾಗಿ ಹೇಳುವುದಿಲ್ಲ. ಭಾರತ ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಹೈದರಾಬಾದ್ ಸಂಸ್ಥಾನದಲ್ಲಿ ಆಗ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು. ಮೊದಲು ಒಂದು ಸಮುದಾಯ, ಆಮೇಲೆ ಇನ್ನೊಂದು. ಯಾರಿಗೂ ಲೆಕ್ಕ ಕೊಡಬೇಕಿಲ್ಲದ ಆಯುಧ ನಮ್ಮ ಸೀಮೆಯಲ್ಲಿ ಯಾರನ್ನೂ ಸ್ವತಂತ್ರಗೊಳಿಸಲಿಲ್ಲ. ಆ ಹೊತ್ತಿಗೆ ಯಾರ ಗುಂಪು ದೊಡ್ಡದೋ ಅವರ ಮಾತು ಕೇಳಿತು, ಅಷ್ಟೆ.

ಈಗಿನ ಕಾಲ ಬೇರೆ ಎನ್ನುವವರು ಜಪಾನ್ ನೋಡಲಿ. ಬಂದೂಕಿನ ಸಾವು ಅತಿ ವಿರಳವಾದ ಆ ದೇಶದಲ್ಲಿ, 2022ರ ಜುಲೈ 8ರಂದು, ಮನೆಯಲ್ಲಿ ಮಾಡಿದ ಬಂದೂಕಿನಿಂದಲೇ ಶಿಂಜೊ ಅಬೆ ಅವರನ್ನು ಕೊಂದರು.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಹುಡುಗರು ‘ಮೊದಲ ಕಿಟ್’ ಎಂದಾಗ ನಾವು ‘ಬಂದೂಕು’ ಎಂದೇ ತಿದ್ದೋಣ. ಯಾರ ಮೇಲೆ ಗುರಿಯಿಡಲಿಕ್ಕೆ ಎಂದೂ ಕೇಳೋಣ. ಅದಕ್ಕೆ ಉತ್ತರವಿಲ್ಲದವರ ಹತ್ತಿರ ಹಿಡಿಕೆಯ ಬಣ್ಣದ ಚರ್ಚೆ ಬೇಡ.