ಆಳು ಸಿಗುತ್ತಿಲ್ಲ ಅನ್ನೋ ಮೊದಲು, ಬಿಟ್ಟು ಹೋದವರು ಯಾರು ಅಂತ ನೋಡಿ

ನಾಲ್ಕು ಜನ ರೈತರು ಸೇರಿದ ಕಡೆ ಮಳೆ, ರೇಟು ಆದ ಮೇಲೆ ಬರುವ ಮಾತು ಒಂದೇ: 'ಆಳು ಸಿಕ್ತಿಲ್ಲ'. ಕಾರಣಾನೂ ಸಿದ್ಧವಾಗಿರುತ್ತೆ. ಅಕ್ಕಿ ಫ್ರೀ, ಬಸ್ಸು ಫ್ರೀ, ತಿಂಗಳಿಗೆ 2,000 ರೂಪಾಯಿ ಬೇರೆ, ಇನ್ಯಾಕೆ ಕೂಲಿಗೆ ಬರ್ತಾರೆ?

ಈ ಮಾತನ್ನು ನಾನು ಒಪ್ಪೋದಿಲ್ಲ. ನಿಮ್ಮ ಹೊಲಕ್ಕೆ ಬರುತ್ತಿದ್ದು ಈಗ ಬಾರದವರನ್ನು ಒಬ್ಬೊಬ್ಬರಾಗಿ ನೆನಪು ಮಾಡಿಕೊಳ್ಳಿ. ಚಿಕ್ಕ ವಯಸ್ಸಿನವರು ಗಾರ್ಮೆಂಟ್ಸ್‌ಗೆ ಹೋಗೋದು ಶುರುವಾಗಿ ಬಹಳ ವರ್ಷ ಆಯ್ತು. ಈಗ ಬಿಡುತ್ತಿರುವವರು 45ರಿಂದ 55ರ ನಡುವಿನ ಹೆಣ್ಣುಮಕ್ಕಳು. ನಾಟಿ, ಕಳೆ, ಕೊಯ್ಲು, ಬೀಜ ಆರಿಸೋದು ಎಲ್ಲದರಲ್ಲೂ ಕೈ ಪಳಗಿದವರು. ನಾನು ಕಂಡ ಮಟ್ಟಿಗೆ ಅವರಲ್ಲಿ ದುಡ್ಡು ಬೇಡ ಅಂತ ಬಿಟ್ಟವರು ಕಡಿಮೆ. ಮೈ ಒಪ್ಪದೆ, ಮನೆ ಬಿಡದೆ ನಿಂತವರೇ ಜಾಸ್ತಿ.

ಮೊದಲು ಮೈಯ ವಿಷಯ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46-47. ಅದಕ್ಕೆ ಮುಂಚಿನ ಕೆಲವು ವರ್ಷ ಮುಟ್ಟು ಏರುಪೇರಾಗುತ್ತೆ, ಕೆಲವರಿಗೆ ಎಂಟು-ಹತ್ತು ದಿನ ರಕ್ತ ಹೋಗುತ್ತೆ. ಮೊದಲೇ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ ಅನ್ನುತ್ತೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿದು ಮೂಳೆ ಸವೆಯುತ್ತೆ, ನಿದ್ದೆ ಕೆಡುತ್ತೆ, ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುತ್ತೆ. ಇಂಥ ಮೈ ಹೊತ್ತು ಏಪ್ರಿಲ್ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಸಾಲು ಹಿಡಿದು ಕಳೆ ಕೀಳಬೇಕು. ಹೊಲದಲ್ಲಿ ಶೌಚಾಲಯ ಇರಲ್ಲ ಅಂತ ಬೆಳಗ್ಗಿನಿಂದ ನೀರೇ ಕುಡಿಯದೆ ಬರುವವರೂ ಇದ್ದಾರೆ. ಆಮೇಲೆ ಉರಿಮೂತ್ರ ಶುರುವಾದರೆ ಅದಕ್ಕೂ ಅವರೇ ಕೂಲಿ ಕಳೆದುಕೊಳ್ಳಬೇಕು.

ಇನ್ನು ಮನೆಯ ವಿಷಯ. ಅತ್ತೆಗೋ ಮಾವನಿಗೋ ಲಕ್ವ ಹೊಡೆದಿರುತ್ತೆ. ಮಗಳು ಬಾಣಂತನಕ್ಕೆ ಬಂದರೆ ಮೂರು ತಿಂಗಳು ಹೋಯ್ತು. ಸೊಸೆ ಗಾರ್ಮೆಂಟ್ಸ್‌ಗೆ ಹೋದರೆ ಮೊಮ್ಮಗು ಅಜ್ಜಿಯ ಸೊಂಟದ ಮೇಲೆ. ಅಂಗನವಾಡಿಯಲ್ಲಿ ಕೂರಿಸಿಕೊಳ್ಳೋದು ಮೂರು ವರ್ಷ ತುಂಬಿದ ಮಕ್ಕಳನ್ನು. ಅದಕ್ಕಿಂತ ಚಿಕ್ಕವರಿಗಾಗಿ ಸರ್ಕಾರ 'ಕೂಸಿನ ಮನೆ' ಶುರು ಮಾಡಿದೆ, ಒಳ್ಳೇದು. ನಿಮ್ಮ ಪಂಚಾಯ್ತಿಯಲ್ಲಿ ಅದು ದಿನಾ ತೆರೆಯುತ್ತಾ, ಗ್ರಾಮಸಭೆಯಲ್ಲಿ ಕೇಳಿ. ಕೇಂದ್ರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟರೆ ಗಂಡಸರು ಕೊಡೋದು 88 ನಿಮಿಷ. ಮಕ್ಕಳು, ಮುದುಕರು, ಕಾಯಿಲೆಯವರ ಆರೈಕೆ ಇದರ ಲೆಕ್ಕಕ್ಕೆ ಸೇರಿಲ್ಲ, ಅದು ಬೇರೆ.

ನಮ್ಮ ಸಾವಯವದವರಿಗೆ ಒಂದು ಮಾತು ಹೇಳಲೇಬೇಕು. ಕಳೆನಾಶಕ ಹೊಡೆಯಲ್ಲ ಅಂತ ನಾವು ಹೆಮ್ಮೆಯಿಂದ ಬೋರ್ಡ್ ಹಾಕ್ತೀವಿ. ಹಾಗಾದರೆ ಆ ಕಳೆ ಕೀಳೋರು ಯಾರು? ಬಹುಪಾಲು ಹೆಣ್ಣುಮಕ್ಕಳು. ಮಣ್ಣಿನ ಆರೋಗ್ಯದ ಖರ್ಚನ್ನು ಅವರ ಮಂಡಿ, ಸೊಂಟದ ಲೆಕ್ಕಕ್ಕೆ ಬರೆದರೆ ಅದು ಎಂಥ ಸುಸ್ಥಿರ ಕೃಷಿ? ಈ ಪ್ರಶ್ನೆ ನಮ್ಮ ತರಬೇತಿಗಳಲ್ಲಿ ಬರೋದೇ ಇಲ್ಲ. ಜೀವಾಮೃತಕ್ಕೆ ಸಗಣಿ ಎಷ್ಟು, ಬೆಲ್ಲ ಎಷ್ಟು ಅನ್ನೋದರಲ್ಲೇ ದಿನ ಮುಗಿಯುತ್ತೆ.

ಹಾಗಾದರೆ ಮಾಡೋದೇನು? ದೊಡ್ಡ ಯೋಜನೆ ಬರಲಿ ಅಂತ ಕಾಯಬೇಕಾಗಿಲ್ಲ.

ಒಂದು, 'ಬಂದರೆ ಇಡೀ ದಿನ, ಇಲ್ಲಾಂದ್ರೆ ಬೇಡ' ಅನ್ನೋದನ್ನು ಬಿಡಿ. ಬೆಳಗ್ಗೆ 7ರಿಂದ 11 ಅಥವಾ 10ರಿಂದ 2, ಅರ್ಧ ದಿನಕ್ಕೆ ಸರಿಯಾಗಿ ಅರ್ಧ ಕೂಲಿ. ಯಾವ ಹೊತ್ತು ಅನ್ನೋದನ್ನು ಅವರೇ ಹೇಳಲಿ. ಬೆಳಗಿನ ತಂಪು ಮೈಗೆ ಹಿತ, ನಿಜ. ಆದರೆ ಅಡುಗೆ, ನೀರು, ಶಾಲೆಗೆ ಕಳಿಸೋದು ಎಲ್ಲಾ ಅದೇ ಹೊತ್ತಿಗೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಸಿಗೋದೂ ಸಾಮಾನ್ಯವಾಗಿ ಬೆಳಗ್ಗೆಯೇ. ಆಸ್ಪತ್ರೆಗೆ ಹೋಗಿ ಬಂದು ಅರ್ಧ ದಿನ ಕೆಲಸ ಸಿಗುತ್ತೆ ಅಂದರೆ ತೋರಿಸಿಕೊಳ್ಳೋರು ಹೆಚ್ಚಾಗ್ತಾರೆ.

ಎರಡು, ಕೂತು ಮಾಡುವ ಕೆಲಸ ಕಡಿಮೆ ಮಾಡಿ. ಸಾಲಿನ ಅಂತರ ಒಂದೇ ಸಮ ಇಟ್ಟರೆ ಸೈಕಲ್ ಕುಂಟೆ ಓಡುತ್ತೆ, ನಿಂತುಕೊಂಡೇ ಕಳೆ ತೆಗೀಬಹುದು. ಭತ್ತದ ಹುಲ್ಲು, ತೆಂಗಿನ ಗರಿ, ಒಣಗಿದ ಕಳೆ, ಸಿಕ್ಕಿದ್ದನ್ನು ಮುಚ್ಚಿಗೆ ಹಾಕಿ. ಉದ್ದ ಹಿಡಿಯ ಸಲಕರಣೆ ಬಂದ ಕೂಡಲೇ ಅದು ಗಂಡಸಿನ ಕೈಗೆ, ಹೆಚ್ಚಿನ ಕೂಲಿಗೆ ಹೋಗಿ ಹೆಂಗಸರು ಮನೆಗೆ ಹೋಗುವಂತೆ ಆಗಬಾರದು. ಅದನ್ನು ಮೊದಲು ಅವರಿಗೇ ಕೊಟ್ಟು ಕಲಿಸಿ.

ಮೂರು, ಹೊರೆ. ಯೂರಿಯಾ ಮೂಟೆ 45 ಕೆಜಿ, ಆದರೆ ಗೊಬ್ಬರದ ಮಂಕರಿಯನ್ನು ಯಾರೂ ತೂಕ ಹಾಕಲ್ಲ. ಹಸಿ ಗೊಬ್ಬರ ತುಂಬಿದ ಮಂಕರಿಯನ್ನು ಒಂದು ಸಲ ತಕ್ಕಡಿಗೆ ಇಟ್ಟು ನೋಡಿ. ತಳ್ಳುಗಾಡಿ ತನ್ನಿ, ಇಲ್ಲವೇ ಮಂಕರಿಯನ್ನು ಅರ್ಧ ತುಂಬಿಸಿ. ಗರ್ಭಕೋಶದ ಆಪರೇಷನ್ ಆದವರು ಡಾಕ್ಟರ್ ಹೇಳಿದಷ್ಟು ವಾರ ಭಾರ ಎತ್ತಬಾರದು. ಆ ದಿನಗಳಲ್ಲಿ ಬೀಜ ಆರಿಸೋದು, ನರ್ಸರಿ ಟ್ರೇ ತುಂಬೋದು, ಲೆಕ್ಕ ಬರೆಯೋದರಂಥ ಹಗುರ ಕೆಲಸಕ್ಕೂ ಎಷ್ಟು ಬೇಗ ಬರಬಹುದು ಅಂತ ಡಾಕ್ಟರ್‌ನೇ ಕೇಳಲಿ.

ನಾಲ್ಕು, ಪಂಪ್‌ಹೌಸ್ ಪಕ್ಕ ಬಾಗಿಲಿರುವ ಒಂದು ಶೌಚಾಲಯ, ಒಂದು ನೆರಳು, ಕುಡಿಯೋ ನೀರು.

'ಸಣ್ಣ ರೈತ, ನನಗೇ ಗಿಟ್ಟಲ್ಲ, ಇದೆಲ್ಲಾ ಎಲ್ಲಿಂದ ಮಾಡಲಿ?' ಅಂತ ನೀವು ಕೇಳಬಹುದು. ಟೊಮೆಟೊ ರೇಟು ನೆಲ ಕಚ್ಚಿದ ವರ್ಷ ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅರ್ಧ ದಿನದ ಕೂಲಿಗೆ ಹೆಚ್ಚಿನ ಖರ್ಚಿಲ್ಲ, ಮಂಕರಿ ಅರ್ಧ ತುಂಬಲೂ ಖರ್ಚಿಲ್ಲ. ಸೈಕಲ್ ಕುಂಟೆಯನ್ನು ನಾಲ್ಕು ಮನೆಯವರು ಸೇರಿ ತರಬಹುದು. ಕೊಯ್ಲು ಒಂದು ವಾರ ತಡವಾಗಿ ಕಾಯಿ ಬಲಿತು ಹೋದರೆ ಆಗೋ ನಷ್ಟವನ್ನೂ ಜೊತೆಗಿಟ್ಟು ಲೆಕ್ಕ ಹಾಕಿ.

ಇದು ಕೂಲಿಗೆ ಬರುವವರ ಮಾತಷ್ಟೇ ಅಲ್ಲ. ನಮ್ಮ ಮನೆಗಳಲ್ಲಿ ಕೂಲಿಯಿಲ್ಲದೆ ದುಡಿಯುವ ಹೆಂಡತಿ, ಅಮ್ಮ, ಅತ್ತಿಗೆಯರಿಗೆ ಈ ಲೆಕ್ಕ ಇನ್ನೂ ಕಠಿಣ. 'ಸುಗ್ಗಿ ಮುಗೀಲಿ, ಆಮೇಲೆ ಆಸ್ಪತ್ರೆಗೆ ಹೋಗೋಣ' ಅನ್ನೋ ಮಾತು ನಮ್ಮ ಕಡೆ ಎಷ್ಟು ಮನೆಯಲ್ಲಿ ಕೇಳುತ್ತೆ! ಹಸು ಮೇವು ಬಿಟ್ಟರೆ ಅದೇ ಸಂಜೆ ಪಶುವೈದ್ಯರಿಗೆ ಫೋನ್ ಮಾಡ್ತೀವಿ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ಅದನ್ನು ಸುಗ್ಗಿವರೆಗೆ ಇಟ್ಟುಕೊಳ್ಳಬಾರದು. ಕ್ಯಾನ್ಸರ್ ಅಲ್ಲ ಅಂತ ಖಚಿತ ಮಾಡಿಕೊಳ್ಳಲು ತಕ್ಷಣ ತೋರಿಸಬೇಕು. ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ಜೊತೆಗೆ ಸ್ತನ ಮತ್ತು ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಪಾಸಣೆ ಮಾಡುವ ಸರ್ಕಾರಿ ಕಾರ್ಯಕ್ರಮ ಇದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಮುಂದಿನ ಕಳೆ ಬರೋಕೆ ಮುಂಚೆ ಒಂದು ಕೆಲಸ ಮಾಡಿ. ಹೋದ ವರ್ಷ ಬರುತ್ತಿದ್ದು ಈಗ ಬಾರದ ಒಬ್ಬರ ಮನೆಗೆ ಹೋಗಿ, 'ಯಾಕಕ್ಕಾ ಬರ್ತಿಲ್ಲ, ಹೇಗೆ ಮಾಡಿದರೆ ಬರ್ತೀಯಾ?' ಅಂತ ಕೇಳಿ. ಬರಲ್ಲ ಅಂದರೂ ಪರವಾಗಿಲ್ಲ, ಕಾರಣ ಏನು ಅಂತ ಕೇಳಿಸಿಕೊಂಡು ಬನ್ನಿ.